ಕೋಟೆಯೋ ಕೆರೆಯೋ: ಆಯ್ಕೆಯ ಪ್ರಬಂಧಕ್ಕೆ ಒಂದು ಮಾದರಿ ಪಾಠ

ಪೀಠಿಕೆ

ಎರಡು ವಿಷಯಗಳನ್ನು ಎದುರೆದುರು ಇಟ್ಟು, ತೂಗಿ ನೋಡಿ, ಒಂದನ್ನು ಆರಿಸಿ, ಆ ಆಯ್ಕೆಗೆ ಕಾರಣ ಹೇಳುವ ಬರಹವನ್ನು ಆಯ್ಕೆಯ ಪ್ರಬಂಧ ಎನ್ನಬಹುದು. ಪರೀಕ್ಷೆಯಲ್ಲಿ ಇಂತಹ ಪ್ರಶ್ನೆ ಬಂದಾಗ ಬಹುಪಾಲು ಉತ್ತರಗಳು ಒಂದೇ ಜಾಡಿನಲ್ಲಿ ಸಾಗುತ್ತವೆ. ಮೊದಲ ವಸ್ತುವಿನ ಐದು ಗುಣಗಳು, ಎರಡನೆಯದರ ಐದು ಗುಣಗಳು, ಕೊನೆಗೆ ‘ಎರಡೂ ಜೀವನಕ್ಕೆ ಬೇಕು’ ಎಂಬ ಸಮಾಧಾನದ ವಾಕ್ಯ. ಹೀಗೆ ಬರೆದಾಗ ಪಟ್ಟಿ ಸಿಗುತ್ತದೆ, ಆಯ್ಕೆ ಸಿಗುವುದಿಲ್ಲ.

ಈ ಪಾಠಕ್ಕಾಗಿ ಆದವಾನಿ ಸೀಮೆಯ ಯಾವ ಮನೆಯಲ್ಲಾದರೂ ರಜೆ ಬಂದಾಗ ಏಳಬಹುದಾದ ಪ್ರಶ್ನೆಯೊಂದನ್ನು ತೆಗೆದುಕೊಳ್ಳಲಾಗಿದೆ. ಮನೆಮಂದಿಯೆಲ್ಲ ಕಾರಿನಲ್ಲಿ ಒಂದು ದಿನದ ಪ್ರವಾಸ ಹೊರಡಬೇಕು. ಕೋಟೆ ನೋಡಲು ಹೋಗುವುದೋ, ನೀರಿನ ದಂಡೆಯಲ್ಲಿ ದಿನ ಕಳೆಯುವುದೋ? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಸರಿಯಾಗಿ ಬಿಡಿಸಿದರೆ ಈ ನೆಲದ ಚರಿತ್ರೆ, ಭಾಷೆ, ಮನೆಯ ಹಿರಿಯರು ಎಲ್ಲವೂ ಅದರೊಳಗೆ ಇವೆ.

1. ಪ್ರಶ್ನೆಯನ್ನು ಬಿಡಿಸುವುದು

‘ಕೋಟೆ ಉತ್ತಮವೇ, ಕೆರೆ ಉತ್ತಮವೇ?’ ಎಂದು ಕೇಳಿದರೆ ಉತ್ತರವಿಲ್ಲ. ಯಾರಿಗೆ, ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ ಎಂಬ ಮೂರು ವಿಶೇಷಣಗಳು ಸೇರಿದ ಮೇಲೆಯೇ ಅದು ಉತ್ತರಿಸಬಲ್ಲ ಪ್ರಶ್ನೆಯಾಗುತ್ತದೆ. ಆದ್ದರಿಂದ ಒಂದು ಕುಟುಂಬವನ್ನು ಊಹಿಸಿಕೊಳ್ಳಬೇಕು: ಎಂಬತ್ತರ ಹತ್ತಿರದ ಅಜ್ಜಿ, ದುಡಿಯುವ ಮಗ ಮತ್ತು ಸೊಸೆ, ಹನ್ನೆರಡು ಮತ್ತು ಏಳು ವರ್ಷದ ಇಬ್ಬರು ಮಕ್ಕಳು. ಅಜ್ಜಿ ಕನ್ನಡ ಶಾಲೆಯಲ್ಲಿ ಓದಿದವರು. ಮಕ್ಕಳು ಇಂಗ್ಲಿಷ್ ಮಾಧ್ಯಮದವರು. ಬೀದಿಯಲ್ಲಿ ತೆಲುಗು, ಮನೆಯಲ್ಲಿ ಅರ್ಧ ಕನ್ನಡ. ಸಮಯ ಅಕ್ಟೋಬರ್ ತಿಂಗಳ ಒಂದು ಭಾನುವಾರ.

ತಿಂಗಳನ್ನು ಹೇಳುವುದು ಅಲಂಕಾರಕ್ಕಲ್ಲ. ಮೇ ತಿಂಗಳಲ್ಲಿ ಇದೇ ಪ್ರಶ್ನೆಗೆ ಉತ್ತರ ಬೇರೆಯಾಗುತ್ತದೆ. ಆಗ ಆದವಾನಿಯ ಬಂಡೆಗಳು ಬೆಳಗಿನ ಹತ್ತು ಗಂಟೆಗೇ ಕಾದಿರುತ್ತವೆ. ಜಲಾಶಯಗಳು ತಳ ಕಂಡು, ದಂಡೆಯಿಂದ ನೀರಿನವರೆಗೆ ಒಣಗಿ ಬಿರಿದ ಕೆಸರು ಹಾಸಿರುತ್ತದೆ. ಅಕ್ಟೋಬರಿನಲ್ಲಿ ಮುಂಗಾರು ಮುಗಿದು ನೀರು ತುಂಬಿರುತ್ತದೆ, ಬೆಟ್ಟವೂ ಹಸಿರಾಗಿರುತ್ತದೆ. ಎರಡೂ ಪಕ್ಷಗಳು ಬಲವಾಗಿರುವ ಕಾಲವನ್ನೇ ಆರಿಸಿಕೊಂಡರೆ ವಾದ ನ್ಯಾಯವಾಗಿರುತ್ತದೆ.

2. ಪದಗಳ ಪರೀಕ್ಷೆ

ಪ್ರಬಂಧದ ಎರಡನೆಯ ಹೆಜ್ಜೆ, ಎದುರಿಗಿಟ್ಟ ಪದಗಳನ್ನು ಪರೀಕ್ಷಿಸುವುದು. ಕನ್ನಡ, ತೆಲುಗು, ಉರ್ದು ಮೂರೂ ಬೆರೆತಿರುವ, ಮರಾಠಿ ಸೈನ್ಯಗಳೂ ದಾಟಿಹೋದ ಈ ಸೀಮೆಯಲ್ಲಿ ಇದು ಬಹಳ ಫಲ ಕೊಡುವ ಕೆಲಸ.

ಕೋಟೆಯ ಭಾಗಗಳ ಹೆಸರುಗಳನ್ನು ಮೊದಲು ನೋಡಬೇಕು. ಕನ್ನಡದ ಬುರುಜು ತೆಲುಗಿನಲ್ಲಿಯೂ ಬುರುಜು, ಮರಾಠಿಯಲ್ಲಿ ಬುರುಜ. ಕನ್ನಡದ ಕಂದಕ ಮರಾಠಿಯಲ್ಲಿ ಖಂದಕ. ದೊಡ್ಡ ಬಾಗಿಲಿನ ಪಕ್ಕದ ಅಥವಾ ಒಳಗಿನ ಕಿರುಬಾಗಿಲು ಕನ್ನಡದಲ್ಲಿ ದಿಡ್ಡಿ, ತೆಲುಗಿನಲ್ಲಿ ದಿಡ್ಡಿ, ಮರಾಠಿಯಲ್ಲಿ ದಿಂಡಿ. ಬುರುಜು, ಕಂದಕಗಳು ಅರಬ್ಬೀ ಮತ್ತು ಪಾರಸಿಯಿಂದ ಬಂದವು. ಸೈನ್ಯ ಹೋದಲ್ಲೆಲ್ಲ ಅದರ ಪದಗಳೂ ಹೋದವು. ಕಂದಕಕ್ಕೆ ಕನ್ನಡದಲ್ಲಿ ಅಗಳು ಎಂಬ ಹಳೆಯ ಮಾತು ಇತ್ತು; ಅದು ಇಂದು ನಿಘಂಟಿನ ಕಡೆಗೆ ಸರಿದಿದೆ.

ನೀರಿನ ಪದಗಳ ಕಥೆ ಬೇರೆ. ಕನ್ನಡದ ಕೆರೆ, ತೆಲುಗಿನ ಚೆರುವು ಕೇಳಲು ದೂರವೆನಿಸಿದರೂ ಒಂದೇ ಮೂಲದವು. ಹಳಗನ್ನಡದಲ್ಲಿ ಈ ಪದವನ್ನು ಶಕಟರೇಫದಿಂದ ಕೆಱೆ ಎಂದು ಬರೆಯುತ್ತಿದ್ದರು. ಇ, ಎ ಸ್ವರಗಳ ಮುಂದೆ ಬರುವ ಮೂಲದ ಕಕಾರ ತೆಲುಗಿನಲ್ಲಿ ಚಕಾರವಾಗುವುದು ಭಾಷಾವಿಜ್ಞಾನದ ಪಾಠದಲ್ಲಿ ಬರುವ ತಾಲವ್ಯೀಕರಣ. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿಯಾಗುವುದು ಇದೇ ನಿಯಮದಿಂದ. ಕೆರೆಯ ನೀರು ಬಿಡುವ ತೂಬು ತೆಲುಗಿನಲ್ಲಿ ತೂಮು. ಹೆಚ್ಚಾದ ನೀರು ಹರಿದುಹೋಗುವ ಕೋಡಿ ಮಾತ್ರ ತೆಲುಗಿನಲ್ಲಿ ಅಲುಗು, ಮರಾಠಿಯಲ್ಲಿ ಸಾಂಡವಾ. ಬಂಡೆಯ ಮೇಲೆ ಮಳೆನೀರು ನಿಲ್ಲುವ ಗುಂಡಿಗೆ ಕನ್ನಡದಲ್ಲಿ ದೊಣೆ. ಮಹಾರಾಷ್ಟ್ರದ ಗಡಗಳ ಮೇಲೆ ಬಂಡೆ ಕಡಿದು ಮಾಡಿದ ನೀರಿನ ತೊಟ್ಟಿಗೆ ಟಾಕೆ.

ಈ ಪದಗಳಿಂದ ಒಂದು ಸಂಗತಿ ತಿಳಿಯುತ್ತದೆ. ಕೋಟೆಗಳು ಕೈ ಬದಲಾಯಿಸಿದವು, ಅವುಗಳ ಪದಗಳೂ ಒಡೆಯರೊಡನೆ ಬಂದವು. ಕೆರೆಗಳು ಊರಿನವರ ಕೈಯಲ್ಲೇ ಉಳಿದವು, ಅವುಗಳ ಪದಗಳು ನೆಲದಿಂದಲೇ ಬಂದವು. ಆದರೆ ದೊಣೆ, ಟಾಕೆ ಎಂಬ ಪದಗಳು ಎರಡು ಪಟ್ಟಿಗಳಿಗೂ ಸೇರುತ್ತವೆ. ಅವು ನೀರಿನ ಪದಗಳಾಗಿದ್ದೂ ಇರುವುದು ಕೋಟೆಯೊಳಗೆ. ಎದುರಾಳಿಗಳೆಂದು ಇಟ್ಟ ಎರಡು ವಸ್ತುಗಳು ನಿಜವಾಗಿ ಬೇರೆಯೇ ಎಂಬ ಸಂದೇಹ ಇಲ್ಲಿ ಮೊಳೆಯುತ್ತದೆ. ಒಳ್ಳೆಯ ಪ್ರಬಂಧ ಇಂತಹ ಸಂದೇಹವನ್ನು ಮುಚ್ಚಿಡದೆ ಮುಂದಕ್ಕೆ ಒಯ್ಯಬೇಕು.

3. ಕೋಟೆಯ ಪಕ್ಷ

ಆದವಾನಿಯ ಕೋಟೆ ಒರಟಾದ ವೃತ್ತದಂತೆ ನಿಂತ ಐದು ಬೆಟ್ಟಗಳ ಮೇಲೆ ಹರಡಿದೆ. ಅವುಗಳಲ್ಲಿ ಬಾರಾಖಿಲ್ಲಾ ಮತ್ತು ತಾಳಿಬಂಡ ಎಂಬವು ಎತ್ತರವಾದವು. ಸುತ್ತಲಿನ ಬಯಲಿನಿಂದ ಸುಮಾರು 800 ಅಡಿ. ಬೆಟ್ಟದ ಬಂಡೆಯಲ್ಲಿ ಕೊರೆದ ಜೈನ ಮೂರ್ತಿಗಳು, ವಿಜಯನಗರದ ಕಾಲದ ಗೋಡೆಗಳು, ಕೆಳಗೆ ಊರಿನಲ್ಲಿ ಬಿಜಾಪುರದ ಕಾಲದ ಜಾಮಿಯಾ ಮಸೀದಿ: ಒಂದೇ ಊರಿನಲ್ಲಿ ಮೂರು ಪದರಗಳನ್ನು ಕಾಣಬಹುದು.

1565ರ ತಾಳಿಕೋಟೆ ಯುದ್ಧದ ಮೂರು ವರ್ಷಗಳ ನಂತರ, 1568ರಲ್ಲಿ, ಕೋಟೆ ಬಿಜಾಪುರದ ಆದಿಲಶಾಹಿಗಳ ವಶವಾಯಿತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಸಿದ್ದಿ ಮಸೂದ್ ಖಾನ್ ಇಲ್ಲಿ ಆಳಿದ. ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಅವನೇ. ಔರಂಗಜೇಬನ ಸೇನಾಪತಿ ಫಿರೋಜ್ ಜಂಗ್ ಮುತ್ತಿಗೆ ಹಾಕಿದಾಗ ಕೋಟೆ ಜಗ್ಗಲಿಲ್ಲವೆಂದೂ, ಫಿರಂಗಿಗಳನ್ನು ಮಸೀದಿಯ ಕಡೆಗೆ ತಿರುಗಿಸಿದಾಗ ಅದು ಉಳಿಯಲೆಂದು ಮಸೂದ್ ಖಾನ್ ಕೋಟೆಯನ್ನು ಒಪ್ಪಿಸಿದನೆಂದೂ ಒಂದು ಕಥೆ ಇದೆ.

ಈ ಪಾಠಕ್ಕೆ ಹೆಚ್ಚು ಉಪಯುಕ್ತವಾದುದು 1786ರ ಮುತ್ತಿಗೆ. ಆಗ ಕೋಟೆ ನಿಜಾಮನ ತಮ್ಮನಾಗಿದ್ದ ಬಸಾಲತ್ ಜಂಗನ ಮಗ ಮಹಾಬತ್ ಜಂಗನ ಕೈಯಲ್ಲಿತ್ತು. ಟಿಪ್ಪು ಸುಲ್ತಾನ ಮುತ್ತಿದ. ನಿಜಾಮನ ಮತ್ತು ಮರಾಠರ ಸೈನ್ಯಗಳು ಒಟ್ಟಾಗಿ ನೆರವಿಗೆ ಬಂದವು. ಬಂದ ಸೈನ್ಯ ಕೋಟೆಯಲ್ಲಿ ಉಳಿದು ಕಾಯಲಿಲ್ಲ. ಮುಂಗಾರು ಹತ್ತಿರವಾಗಿತ್ತು, ತುಂಗಭದ್ರೆ ತುಂಬಿ ಹರಿದರೆ ಉತ್ತರ ದಂಡೆಯೊಡನೆ ಸಂಪರ್ಕ ಕಡಿದು ಅನ್ನಸಾಮಗ್ರಿ ನಿಲ್ಲುತ್ತಿತ್ತು. ಆದ್ದರಿಂದ ಮಹಾಬತ್ ಜಂಗನ ಪರಿವಾರವನ್ನು ಕರೆದುಕೊಂಡು, ನದಿ ಏರುವ ಮುನ್ನವೇ ದಾಟಿ ರಾಯಚೂರಿನತ್ತ ಹೊರಟುಹೋದರು. ಟಿಪ್ಪು ಖಾಲಿಯಾದ ಕೋಟೆಯನ್ನು ಹೊಕ್ಕು ಅದರ ರಕ್ಷಣಾ ಗೋಡೆಗಳನ್ನು ಕೆಡವಿಸಿದ. ಇಂದು ಬೆಟ್ಟದ ಮೇಲೆ ಕಾಣುವ ಹಾಳು ಬರಿಯ ಕಾಲದ ಕೆಲಸವಲ್ಲ. ಒಂದು ನದಿ ಯಾವ ವಾರದಲ್ಲಿ ಏರುತ್ತದೆ ಎಂಬ ಲೆಕ್ಕವೂ ಅದರಲ್ಲಿ ಸೇರಿದೆ.

ಕೋಟೆಯ ಒಳಗೂ ನೀರಿನ ಲೆಕ್ಕವೇ ಮೊದಲು. ಬೆಟ್ಟವನ್ನು ಅರ್ಧ ಏರಿದಲ್ಲಿ ಒಳ್ಳೆಯ ನೀರಿನ ಕೆರೆಯೊಂದಿದೆ, ಅದು ಬತ್ತುವುದಿಲ್ಲವೆಂದು ಜನ ಹೇಳುತ್ತಾರೆ ಎಂಬ ಮಾತು ಇಪ್ಪತ್ತನೆಯ ಶತಮಾನದ ಆರಂಭದ ಗೆಜೆಟಿಯರಿನಲ್ಲಿ ದಾಖಲಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರ ದುರ್ಗಗಳನ್ನು ಔದಕ, ಪಾರ್ವತ, ಧಾನ್ವನ, ವನ ಎಂದು ನಾಲ್ಕು ಬಗೆಯಾಗಿ ಹೇಳುವಾಗ ನೀರಿನ ದುರ್ಗವನ್ನು ಮೊದಲಿಗೆ ಇಡುತ್ತದೆ. ಮರಾಠರ ರಾಜನೀತಿಯ ಗ್ರಂಥವಾದ, ರಾಮಚಂದ್ರಪಂತ ಅಮಾತ್ಯನ ಹೆಸರಿನಲ್ಲಿರುವ ಆಜ್ಞಾಪತ್ರವೂ ಗಡ ಕಟ್ಟುವ ಮುನ್ನ ಅಲ್ಲಿ ನೀರಿದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಬಂಡೆ ಒಡೆದು ನೀರಿನ ನೆಲೆ ಮಾಡಬೇಕು ಎಂದು ವಿಧಿಸುತ್ತದೆ. ರಾಯಗಡದ ಮೇಲೆ ಗಂಗಾಸಾಗರ ಕೆರೆ ಇರುವುದು, ಚಿತ್ರದುರ್ಗದಲ್ಲಿ ಅಕ್ಕ-ತಂಗಿಯರ ಹೊಂಡ, ಗೋಪಾಲಸ್ವಾಮಿ ಹೊಂಡಗಳಿರುವುದು ಇದೇ ಕಾರಣಕ್ಕೆ. ಒನಕೆ ಓಬವ್ವನ ಕಥೆ ಕನ್ನಡ ಮಕ್ಕಳಿಗೆಲ್ಲ ಗೊತ್ತು. ಆದರೆ ಅವಳು ಕಿಂಡಿಯ ಬಳಿ ಹೋದದ್ದು ಊಟಕ್ಕೆ ಕುಳಿತ ಗಂಡನಿಗೆ ಕುಡಿಯುವ ನೀರು ತರಲು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ.

ಕೋಟೆಯ ಪಕ್ಷದಲ್ಲಿ ಇಷ್ಟು ಬಲವಿದೆ. ಎದುರು ಮಾತೂ ಇದೆ. ಬೆಟ್ಟ ಏರುವ ದಾರಿ ಕಲ್ಲು, ಮುಳ್ಳುಪೊದೆಗಳ ದಾರಿ. ಎಂಬತ್ತರ ಅಜ್ಜಿ ಏರಲಾರರು. ಏಳು ವರ್ಷದ ಮಗು ಅರ್ಧ ದಾರಿಯಲ್ಲಿ ಎತ್ತಿಕೊಳ್ಳಲು ಹೇಳುತ್ತದೆ. ಹೇಳುವವರಿಲ್ಲದಿದ್ದರೆ ಕೋಟೆ ಬರಿಯ ಕಲ್ಲಿನ ರಾಶಿ.

4. ನೀರಿನ ಪಕ್ಷ

ಆದವಾನಿಯಿಂದ ನೀರಿನ ದಂಡೆಗೆ ಹೋಗಲು ಎರಡು ದಾರಿಗಳಿವೆ. ಹತ್ತಿರದ್ದು ಎಮ್ಮಿಗನೂರಿನ ಮೇಲೆ ಗೋನೆಗಂಡ್ಲದ ಕಡೆಗೆ, ಹಂದ್ರಿ ನದಿಗೆ ಕಟ್ಟಿದ ಗಾಜುಲದಿನ್ನೆ ಜಲಾಶಯಕ್ಕೆ. ಹೆಸರಿನಲ್ಲಿರುವ ದಿನ್ನೆ ಕನ್ನಡದ ದಿಣ್ಣೆಯೇ. ಕರ್ನೂಲಿನ ಹತ್ತಿರದ ಪೆದ್ದಪಾಡಿನಲ್ಲಿ ಹುಟ್ಟಿ, 1960ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದ ದಾಮೋದರಂ ಸಂಜೀವಯ್ಯನವರ ನೆನಪಿಗೆ ಇದನ್ನು ಸಂಜೀವಯ್ಯ ಸಾಗರ ಎಂದೂ ಕರೆಯುತ್ತಾರೆ. ದೂರದ್ದು ಆಲೂರು, ಹಗರಿ, ಬಳ್ಳಾರಿಯ ಮೇಲೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿಗೆ. ನೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿ ಉದ್ಯಾನವಿದೆ, ನಡೆಯಲು ಸಮನೆಲವಿದೆ, ತಿನ್ನಲು ಅಂಗಡಿಗಳಿವೆ, ಕಣ್ಣಿಗೆ ಸಮುದ್ರದಂತಹ ನೀರಿದೆ. ಅಜ್ಜಿ ಕುಳಿತಲ್ಲೇ ನೋಡಬಹುದು. ಯಾರೂ ಏನೂ ಹೇಳದಿದ್ದರೂ ನೀರು ಮಕ್ಕಳಿಗೆ ಸಂತೋಷ ಕೊಡುತ್ತದೆ. ಕೋಟೆಗೆ ಈ ಗುಣವಿಲ್ಲ.

ನೀರಿಗೆ ಚರಿತ್ರೆ ಇಲ್ಲ, ಅದು ಬರಿಯ ಪ್ರಕೃತಿ ಎಂದುಕೊಳ್ಳುವುದು ಮಾತ್ರ ತಪ್ಪು. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಮದರಾಸು ಸರ್ಕಾರ ಮತ್ತು ಹೈದರಾಬಾದ್ ಸಂಸ್ಥಾನಗಳ ಜಂಟಿ ಯೋಜನೆಯಾಗಿ ಆರಂಭವಾಯಿತು. 1953ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟರು. ಜಲಾಶಯ ತುಂಬಿದಾಗ ಮುಳುಗಿದ ಊರುಗಳಲ್ಲಿ ಒಂದರ ಹೆಸರು ನಾರಾಯಣದೇವರಕೆರೆ. ಕೆರೆಯ ಹೆಸರು ಹೊತ್ತ ಊರು ದೊಡ್ಡ ಕೆರೆಯ ಅಡಿಯಲ್ಲಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿದ್ದರಿಂದ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. 2024ರ ಆಗಸ್ಟ್ ತಿಂಗಳಲ್ಲಿ ಅದರ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಕೆಳಗಿನ ನಾಡಿನ ರೈತರೆಲ್ಲ ಉಸಿರು ಬಿಗಿಹಿಡಿದು ಕಾದರು. ಕೋಟೆಯಂತೆ ಅಣೆಕಟ್ಟಿಗೂ ವಯಸ್ಸಾಗುತ್ತದೆ.

1953 ಎಂಬ ವರ್ಷದ ಬಳಿ ಸ್ವಲ್ಪ ನಿಲ್ಲಬೇಕು. ಅದೇ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದುವರೆಗೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಹೊಸಪೇಟೆ ಮೊದಲಾದ ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಜನರ ನಡುವೆ ಗಡಿ ಬಿದ್ದ ವರ್ಷವೇ ನೀರು ಆ ಗಡಿಯನ್ನು ದಾಟಿ ಹರಿಯಲು ಆರಂಭಿಸಿತು. ತುಂಗಭದ್ರಾ ಕೆಳಮಟ್ಟದ ಕಾಲುವೆ ಇಂದಿಗೂ ಬಳ್ಳಾರಿ ಜಿಲ್ಲೆಯನ್ನು ಹಾದು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಹೊಲಗಳಿಗೆ ಬರುತ್ತದೆ. ಪ್ರಬಂಧದ ಅಜ್ಜಿ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ಬಾಳಿದ್ದು ಕರ್ನೂಲು ಜಿಲ್ಲೆಯಲ್ಲಿ. ಮನೆ ಮಾತ್ರ ಬದಲಾಗಿಲ್ಲ.

ನೀರಿನ ಪಕ್ಷಕ್ಕೂ ಎದುರು ಮಾತು ಉಂಟು. ಹೊಸಪೇಟೆಗೆ ಹೋಗಿ ಬರಲು ಐದಾರು ಗಂಟೆ ದಾರಿಯಲ್ಲೇ ಕಳೆಯುತ್ತದೆ. ಮುಪ್ಪಿನ ಮೊಣಕಾಲಿಗೆ ಅದೂ ಒಂದು ಬೆಟ್ಟವೇ. ಜಲಾಶಯದ ಹಿನ್ನೀರಿನ ಅಂಚು ನೋಡಲು ಇಳಿಜಾರು, ಹೆಜ್ಜೆಯಿಟ್ಟರೆ ಹೂಳು, ಎರಡು ಹೆಜ್ಜೆ ಮುಂದೆ ಆಳ. ಕಾಲುವೆಯ ಸೆಳೆತ ಮೇಲಿನಿಂದ ಕಾಣುವುದಿಲ್ಲ. ದಂಡೆಯಲ್ಲಿ ಮಕ್ಕಳನ್ನು ಬಿಟ್ಟು ದೊಡ್ಡವರು ಮಾತಿಗೆ ಕೂರುವಂತಿಲ್ಲ.

5. ತೀರ್ಮಾನಕ್ಕೆ ಅಳತೆಗೋಲು

ಈಗ ತೂಗಬೇಕು. ತೂಗಲು ಅಳತೆಗೋಲು ಬೇಕು. ‘ಯಾವುದು ಹೆಚ್ಚು ಸುಂದರ?’ ಎಂಬುದು ಸಡಿಲವಾದ ಅಳತೆ. ‘ಯಾವುದರಿಂದ ಹೆಚ್ಚು ಕಲಿಯಬಹುದು?’ ಎಂಬುದು ಶಾಲೆಯ ಪ್ರವಾಸಕ್ಕೆ ಸರಿ, ಮನೆಯ ಪ್ರವಾಸಕ್ಕೆ ಸಾಲದು. ಕುಟುಂಬದ ಪ್ರವಾಸಕ್ಕೆ ಹೊಂದುವ ಅಳತೆ ಇದು: ಎಲ್ಲರೂ ಇಳಿದ ಮೇಲೆ ಕಾರಿನಲ್ಲಿ ಯಾರು ಉಳಿಯುತ್ತಾರೆ?

ಕೋಟೆಗೆ ಹೋದರೆ ಅಜ್ಜಿ ಉಳಿಯುತ್ತಾರೆ. ಮಕ್ಕಳು ಬುರುಜಿನ ಮೇಲೆ ಚಿತ್ರ ತೆಗೆಸಿಕೊಂಡು ಇಳಿಯುತ್ತಾರೆ. ದೊಣೆ ಎಂಬ ಪದ ಗೊತ್ತಿರುವವರು ಕೆಳಗೆ, ದೊಣೆ ಕಂಡವರು ಮೇಲೆ. ಪದವೂ ವಸ್ತುವೂ ಕೂಡುವುದಿಲ್ಲ. ಹೊಸಪೇಟೆಗೆ ಹೋದರೆ ಯಾರೂ ಉಳಿಯುವುದಿಲ್ಲ, ಆದರೆ ದಿನದ ಬಹುಭಾಗ ಎಲ್ಲರೂ ಕಾರಿನಲ್ಲೇ ಉಳಿಯುತ್ತಾರೆ.

ಈ ಅಳತೆಯಿಂದ ಮೂರನೆಯ ದಾರಿಯೊಂದು ಕಾಣುತ್ತದೆ. ಅದು ‘ಎರಡೂ ಬೇಕು’ ಎಂಬ ಹಳೆಯ ಸಮಾಧಾನವಲ್ಲ, ಖಚಿತವಾದ ಆಯ್ಕೆ. ಈ ಕುಟುಂಬ, ಈ ಅಕ್ಟೋಬರಿನಲ್ಲಿ, ಈ ಒಂದು ದಿನಕ್ಕೆ, ಊರಿನ ಕೋಟೆಗೇ ಹೋಗಬೇಕು, ಮತ್ತು ಅಲ್ಲಿ ನೀರನ್ನು ಹುಡುಕಬೇಕು. ಬೆಳಗ್ಗೆ ಏಳಕ್ಕೆ ಹೊರಡಬಹುದು. ಅಜ್ಜಿ ಮತ್ತು ಕಿರಿಯ ಮಗು ಒಬ್ಬ ದೊಡ್ಡವರೊಡನೆ ಬೆಟ್ಟದ ಬುಡದಲ್ಲಿ ನೆರಳು ನೋಡಿ ಕೂರಬಹುದು. ಊರಿನವರು ರಾಮಜಲ ಎಂದು ಕರೆಯುವ ನೀರಿನ ತಾಣವೂ ಆದವಾನಿಯಲ್ಲೇ ಇದೆ. ಹಿರಿಯ ಮಗು ಇನ್ನೊಬ್ಬರೊಡನೆ ಅರ್ಧ ಬೆಟ್ಟದ ಕೆರೆಯವರೆಗೆ ಏರಿ, ಬಿಸಿಲು ಬಲಿಯುವ ಮುನ್ನ ಇಳಿಯಬಹುದು. ಇಳಿದು ಬಂದ ಮಗು ಕಂಡದ್ದನ್ನು ಹೇಳಬೇಕು, ಅಜ್ಜಿ ಅದಕ್ಕೆ ಹೆಸರು ಹೇಳಬೇಕು. ‘ಬಂಡೆ ಮೇಲೆ ಗುಂಡಿಯಲ್ಲಿ ನೀರಿತ್ತು’ ಎಂದರೆ ‘ಅದು ದೊಣೆ’ ಎಂಬ ಉತ್ತರ. ‘ದೊಡ್ಡ ಬಾಗಿಲ ಪಕ್ಕ ಚಿಕ್ಕ ಬಾಗಿಲು’ ಎಂದರೆ ‘ಅದು ದಿಡ್ಡಿ’ ಎಂಬ ಉತ್ತರ.

ಹೊಸಪೇಟೆಯನ್ನು ಕೈಬಿಡಬೇಕಾಗಿಲ್ಲ. ಎರಡು ದಿನ ಬಿಡುವಿದ್ದು, ರಾತ್ರಿ ತಂಗಲು ಬಂಧುಗಳ ಮನೆಯಿದ್ದಾಗ ಆ ಪ್ರವಾಸಕ್ಕೆ ಅರ್ಥವಿದೆ. ಜಲಾಶಯ ಪ್ರತಿ ಮಳೆಗಾಲದಲ್ಲೂ ತುಂಬಲು ಕಾಯುತ್ತದೆ. ಬೆಟ್ಟವೂ ಕಾಯುತ್ತದೆ. ಆ ಪದಗಳನ್ನು ಬಲ್ಲ ತಲೆಮಾರಿಗೆ ಆ ಸಾವಕಾಶವಿಲ್ಲ. ಮಕ್ಕಳ ಕನ್ನಡ ಮನೆಯೊಳಗೇ ಅರ್ಧಕ್ಕೆ ನಿಂತಿರುವ ಗಡಿನಾಡಿನಲ್ಲಿ ಆಯ್ಕೆಯ ತಕ್ಕಡಿ ವಾಲುವುದು ಈ ಕಾರಣದಿಂದ.

6. ರಚನೆಯ ಸಾರ

ವಿದ್ಯಾರ್ಥಿಗಳು ಮೇಲಿನ ಬರಹದ ಹೆಜ್ಜೆಗಳನ್ನು ಗುರುತಿಸಿಕೊಳ್ಳಬೇಕು. ಮೊದಲು, ಯಾರು, ಯಾವಾಗ, ಎಷ್ಟು ಹೊತ್ತು ಎಂದು ಪ್ರಶ್ನೆಯನ್ನು ಕಿರಿದು ಮಾಡಲಾಯಿತು. ಎರಡನೆಯದಾಗಿ, ಪದಗಳನ್ನು ಪರೀಕ್ಷಿಸಲಾಯಿತು. ಅಲ್ಲಿ ಎದುರಾಳಿಗಳ ನಡುವಿನ ನಂಟು ಸಿಕ್ಕಿತು. ಮೂರನೆಯದಾಗಿ, ಪ್ರತಿ ಪಕ್ಷದ ಬಲವನ್ನು ನಿಜವಾದ ಸಂಗತಿಗಳಿಂದ ಹೇಳಿ, ಅದರ ಕೊರತೆಯನ್ನೂ ಅಲ್ಲೇ ಹೇಳಲಾಯಿತು. ನಾಲ್ಕನೆಯದಾಗಿ, ತೀರ್ಪಿಗೆ ಮುನ್ನ ಅಳತೆಗೋಲನ್ನು ಬಹಿರಂಗವಾಗಿ ಇಡಲಾಯಿತು. ಓದುಗನಿಗೆ ಅಳತೆ ಒಪ್ಪಿಗೆಯಾಗದಿದ್ದರೆ ತೀರ್ಪನ್ನು ಪ್ರಶ್ನಿಸಲು ಅವಕಾಶವಿರುತ್ತದೆ. ಆ ಅವಕಾಶ ಕೊಡುವ ಪ್ರಬಂಧವೇ ಪ್ರಾಮಾಣಿಕವಾದದ್ದು.

ಅಭ್ಯಾಸ

1. ಇದೇ ಕುಟುಂಬ ಮೇ ತಿಂಗಳಲ್ಲಿ ಹೊರಡುತ್ತದೆ ಎಂದುಕೊಂಡು ತೀರ್ಮಾನದ ಭಾಗವನ್ನು ಒಂದು ಪುಟದಲ್ಲಿ ಹೊಸದಾಗಿ ಬರೆಯಿರಿ.

2. ಅಜ್ಜಿಯೇ ‘ನೀರು ನೋಡಬೇಕು, ಬೆಟ್ಟ ದಿನಾ ಕಾಣುತ್ತದೆ’ ಎಂದು ಹಟ ಹಿಡಿದರೆ ಮೇಲಿನ ಅಳತೆಗೋಲು ನಿಲ್ಲುತ್ತದೆಯೇ? ಕಾರಣಸಹಿತ ಚರ್ಚಿಸಿ.

3. ಮನೆಯ ಅಥವಾ ನೆರೆಯ ಹಿರಿಯರೊಬ್ಬರಿಂದ ಕೆರೆ ಮತ್ತು ಕೋಟೆಗೆ ಸಂಬಂಧಿಸಿದ ಹತ್ತು ಕನ್ನಡ ಪದಗಳನ್ನು ಕೇಳಿ ಬರೆದುಕೊಳ್ಳಿ. ಅವುಗಳಿಗೆ ಸಮಾನವಾದ ತೆಲುಗು ಪದಗಳನ್ನು ಎದುರಿಗೆ ಬರೆದು, ತಾಲವ್ಯೀಕರಣ ಕಾಣುವ ಜೋಡಿಗಳನ್ನು ಬೇರೆ ಮಾಡಿ.

4. ಸ್ವಂತ ಊರಿನ ಕೆರೆ, ಕುಂಟೆ ಅಥವಾ ಬಾವಿಯೊಂದರ ತೂಬು, ಕೋಡಿ, ಏರಿಗಳ ಈಗಿನ ಸ್ಥಿತಿಯನ್ನು ನೋಡಿ ಬಂದು ಇನ್ನೂರು ಪದಗಳಲ್ಲಿ ವರ್ಣಿಸಿ.